ಹದ್ದಿನ ಕಣಿವೆಯ ಮೂರನೆಯ ಮಾತು

ನನ್ನ ಗಂಡ ಶಿಫಾನಿಗೆ ತನ್ನ ಊರುಗೋಲು ಎಲ್ಲಿಟ್ಟೆ ಎನ್ನುವುದು ನೆನಪಿರುವುದಿಲ್ಲ. ಬೆಳಿಗ್ಗೆ ಕುಡಿದದ್ದು ಆಡಿನ ಹಾಲೋ ಒಂಟೆಯ ಹಾಲೋ ಎಂದು ಕೇಳಿದರೆ ನನ್ನ ಮುಖ ನೋಡುತ್ತಾನೆ. ಆದರೆ ನಮ್ಮ ಲುಬಾಕ್ ಕುಲದ ಮೂಲಪುರುಷನಿಂದ ಹಿಡಿದು ನಿನ್ನೆ ಹುಟ್ಟಿದ ಕೂಸಿನವರೆಗೆ ಯಾರ ಅಪ್ಪ ಯಾರು, ಯಾರು ಎಲ್ಲಿ ಸತ್ತರು, ಯಾವ ಮರದಡಿ ಒಂಟೆಯ ಹೊರೆ ಇಳಿಸಿದರು ಎಂದು ಕೇಳಿ, ಎಲ್ಲೂ ತಡವರಿಸದೆ ಹೇಳುತ್ತಾನೆ. ಅವನಪ್ಪನೂ ಹಾಗೆಯೇ ಇದ್ದ. ಕುಲದ ದಾರಿ ಹೇಳುವ ಕೆಲಸ ಅವರ ಮನೆಯದು. ಅದಕ್ಕೇ ಅವನಿಗೆ ಸಭೆಯಲ್ಲಿ ಮುಂದಿನ ಚಾಪೆ, ಹಬ್ಬದಲ್ಲಿ ಮೊದಲ ಬಟ್ಟಲು ಕಾಫಿ. ಮನೆಯಲ್ಲಿ ಅವನ ಕೋಲು ಹುಡುಕುವವಳು ನಾನು.

ದಾರಿ ಎಂದರೆ ಬರೀ ಕಥೆಯಲ್ಲ. ಲುಬಾಕ್ ಕಡಲು ದಾಟಿ ಬೂರಿಯ ದಡಕ್ಕೆ ಬಂದ. ಅಲ್ಲಿಂದ ಉಪ್ಪಿನ ಬಯಲು, ಜೋಡಿ ಬಾವಿ, ಹದ್ದಿನ ಕಣಿವೆ ಹಾದು ಸೊಯ್ರಾ ಬೆಟ್ಟದ ಮಗ್ಗುಲು ಸೇರಿದ. ಅವನು ತಂಗಿದ ಒಂದೊಂದು ಜಾಗಕ್ಕೂ ಮೂರು ಮಾತುಗಳಿವೆ. ಅಲ್ಲಿಗೆ ಯಾರು ಬಂದರು, ಅಲ್ಲಿ ಏನಾಯಿತು, ಅಲ್ಲಿ ಏನು ತೀರ್ಮಾನವಾಯಿತು. ಆ ಮೂರನೆಯ ಮಾತೇ ನಮಗೆ ಕಾನೂನು. ಜೋಡಿ ಬಾವಿಯಲ್ಲಿ ಅವನ ಮಕ್ಕಳು ನೀರಿಗೆ ಕಾದಾಡಿದರು, ಅಗೆದವನ ಆಡು ಮೊದಲು ಕುಡಿಯಲಿ ಎಂದು ಅವನು ಹೇಳಿದ. ಇವತ್ತಿಗೂ ಹಾಗೆಯೇ ನಡೆಯುತ್ತದೆ. ಚಳಿಗೆ ನಾವು ಕಡಲ ಬಯಲಿಗೆ ಇಳಿಯುವುದು, ಬೇಸಿಗೆ ಸುಡತೊಡಗಿದಾಗ ಬೆಟ್ಟ ಹತ್ತುವುದು, ಎಲ್ಲವೂ ಅವನು ನಡೆದ ಜಾಡಿನಲ್ಲೇ. ಎಂದೋ ಸತ್ತ ಮನುಷ್ಯ ಇನ್ನೂ ನಮ್ಮನ್ನು ಆಡುಗಳ ಹಾಗೆ ಅಟ್ಟಿಕೊಂಡು ಹೋಗುತ್ತಿದ್ದಾನೆ ಎಂದು ನನಗೆ ಒಮ್ಮೊಮ್ಮೆ ಸಿಟ್ಟು ಬರುವುದುಂಟು.

ಆ ವರ್ಷ ಬಯಲಿನಲ್ಲಿದ್ದಾಗ ನನ್ನ ದೊಡ್ಡ ಮಗ ಹುಮ್ಮದ್ ಜ್ವರ ಬಂದು ತೀರಿಕೊಂಡ. ಹುಮ್ಮದ್ ಶಿಫಾನ ಮಗನಲ್ಲ. ನನ್ನನ್ನು ಮೊದಲು ಮದುವೆಯಾದವನು ಶಿಫಾನ ಅಣ್ಣ ಗಾಸ್. ಆಗ ನಮ್ಮ ನಾಡನ್ನು ಆಳುತ್ತಿದ್ದ ಇಟಲಿಯವರ ಸೈನ್ಯ ಸೇರಿ ತ್ರಿಪೋಲಿಗೆ ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ, ಸಾವಿನ ಸುದ್ದಿ ಬಂತು. ಅಣ್ಣ ಸತ್ತರೆ ಅತ್ತಿಗೆ ಮೈದುನನ ಪಾಲಿಗೆ. ನಮ್ಮಲ್ಲಿ ಹಾಗೆ ನಡೆದು ಬಂದಿತ್ತು. ನನ್ನ ಗುಡಿಸಲು ಇದ್ದಲ್ಲೇ ಇತ್ತು, ಒಳಗಿನ ಗಂಡಸು ಬದಲಾದ. ಹುಮ್ಮದ್ ಆಗಿನ್ನೂ ಮೊಲೆ ಕುಡಿಯುತ್ತಿದ್ದ. ಆಮೇಲೆ ಶಿಫಾನಿಂದ ಯಾಸೀನ್ ಹುಟ್ಟಿದ.

ಈಗ ಹುಮ್ಮದನ ಹೆಂಡತಿ ಮೊಮಿನಾಳ ಸರದಿ. ಮಕ್ಕಳಾಗಿರಲಿಲ್ಲ. ಗಂಡ ಸತ್ತವಳು ಮರುಮದುವೆಗೆ ಮುಂಚೆ ಕಾಯಬೇಕಾದ ಇದ್ದತ್ತಿನ ದಿನಗಳು ಮುಗಿದಿದ್ದವು. ಬೆಟ್ಟ ಹತ್ತುವ ಮುಂಚೆ ಕುಲದ ಸಭೆ ಕೂರುತ್ತದಲ್ಲ, ಅಲ್ಲಿ ಅವಳನ್ನು ಯಾಸೀನನಿಗೆ ಕಟ್ಟುವುದೆಂದು ಗಂಡಸರು ತಮ್ಮತಮ್ಮಲ್ಲೇ ಗೊತ್ತು ಮಾಡಿಕೊಂಡಿದ್ದರು. ಯಾಸೀನನಿಗೆ ಆಗಲೇ ಹೆಂಡತಿ ಇದ್ದಳು, ಮನೆ ತುಂಬ ಮಕ್ಕಳಿದ್ದವು.

ಒಂದು ಮಧ್ಯಾಹ್ನ ನಾನೂ ಮೊಮಿನಾಳೂ ಗುಡಿಸಲಿನ ನೆರಳಲ್ಲಿ ಕೂತು ಚಾವಣಿಗೆ ಹೊದಿಸುವ ತಾಳೆಗರಿಯ ಚಾಪೆ ಹೆಣೆಯುತ್ತಿದ್ದೆವು. ಇದ್ದಕ್ಕಿದ್ದಂತೆ ಅವಳು, "ಅತ್ತೆ, ನಾನು ಒಲ್ಲೆ" ಎಂದಳು.

"ಏನು ಒಲ್ಲೆ? ಚಾಪೆನಾ?"

"ಯಾಸೀನನ್ನ."

"ಮೆಲ್ಲಗೆ ಮಾತಾಡೇ. ಅವನ ಹೆಂಡ್ತಿ ಅಲ್ಲೇ ಬೆಣ್ಣೆ ತೆಗೀತಿದಾಳೆ."

"ಕೇಳಿಸಿದ್ರೆ ಅವಳಿಗೂ ಖುಷಿನೇ ಆಗುತ್ತೆ ಬಿಡಿ."

ನನಗೆ ನಗು ತಡೆಯಲಾಗಲಿಲ್ಲ. ಅವಳು ಮಾತ್ರ ನಗಲಿಲ್ಲ. "ಅವನು ನನಗೆ ತಮ್ಮ ಇದ್ದ ಹಾಗೆ ಅತ್ತೆ. ಕಾಲಿಗೆ ಮುಳ್ಳು ಚುಚ್ಚಿದ್ರೆ ನನ್ನ ಹತ್ರಾನೇ ಬಂದು ತೆಗೆಸ್ಕೊಳ್ಳೋನು. ಈಗ ಅವನ ಪಕ್ಕ ಮಲಕ್ಕೋ ಅಂದ್ರೆ ಹೆಂಗೆ? ನನ್ನನ್ನ ಇರಾಫಾಯ್ಲೆಗೆ, ಅಪ್ಪನ ಹತ್ರ ಕಳಿಸಿಬಿಡಿ."

"ಕಳಿಸೋಕೆ ನಾನ್ಯಾರೇ? ನನ್ನನ್ನೇನು ಕೇಳಿ ಕೊಟ್ಟಿದ್ರಾ? ನಾನು ಬದುಕಲಿಲ್ವಾ?"

"ಬದುಕಿದ್ರಿ. ನೋಡ್ತಾನೇ ಇದೀನಲ್ಲ."

ಆ ಮಾತು ನನಗೆ ಚುರುಕ್ಕೆಂದಿತು. ಎದ್ದು ಹೋಗೋಣ ಎನ್ನಿಸಿತು. ನಿಜ ಹೇಳಬೇಕೆಂದರೆ ನನಗೆ ಅವಳ ಮೇಲೆ ಹೊಟ್ಟೆಕಿಚ್ಚು ಬಂದಿತ್ತು. ಈ ಒಲ್ಲೆ ಎನ್ನುವ ಮಾತು ನನ್ನ ಬಾಯಿಂದ ಅಂದು ಬಂದಿರಲಿಲ್ಲ. ಇವಳ ಬಾಯಿಂದ ಎಷ್ಟು ಸಲೀಸಾಗಿ ಬಂತು ನೋಡಿ.

ಅವಳು ಗರಿ ಸೀಳುತ್ತಾ ಹೇಳಿದಳು: "ನನ್ನ ಅಜ್ಜಿ ನಿಮ್ಮ ಲುಬಾಕ್ ಕುಲದವಳೇ. ಒಂದು ಕಥೆ ಹೇಳೋಳು. ಹದ್ದಿನ ಕಣಿವೇಲಿ ಲುಬಾಕನ ಮಗ ಸತ್ತನಂತೆ. ಸೊಸೆ ತನ್ನ ಗುಡಿಸಲು ತಾನೇ ಬಿಚ್ಚಿ ಒಂಟೆ ಮೇಲೆ ಹೇರ್ಕೊಂಡು ತೌರಿನ ಕಡೆ ಹೊರಟುಬಿಟ್ಳಂತೆ. ಲುಬಾಕ್ ತಡೀಲಿಲ್ವಂತೆ."

"ಹೆಂಗಸರು ಚಾಪೆ ಹೆಣೀತಾ ನೂರು ಹೇಳ್ತಾರೆ."

"ಮಾವ ಹೇಳೋ ದಾರೀಲಿ ಅದಿಲ್ವಾ?"

"ಇಲ್ಲ" ಎಂದೆ. ನಾನು ಕೇಳದ ದಾರಿಯೇ? ಈ ಕುಲಕ್ಕೆ ಸೊಸೆಯಾಗಿ ಬಂದ ಮೇಲೆ ಕೇಳಿದ್ದೇ ಕೇಳಿದ್ದು.

ಆದರೂ ಹೆಣೆಯುತ್ತಾ ಮನಸ್ಸಿನಲ್ಲೇ ದಾರಿ ಹೇಳಿಕೊಳ್ಳುತ್ತಾ ಹೋದೆ. ಬೂರಿಯ ದಡ, ಮೂರು ಮಾತು. ಉಪ್ಪಿನ ಬಯಲು, ಮೂರು. ಜೋಡಿ ಬಾವಿ, ಮೂರು. ಹದ್ದಿನ ಕಣಿವೆಗೆ ಲುಬಾಕ್ ಮಕ್ಕಳೊಂದಿಗೆ ಬಂದ. ಅಲ್ಲಿ ಅವನ ಮಗ ದಾಊದ್ ಸತ್ತ, ಕಣಿವೆಯ ಬಾಯಲ್ಲಿ ಮಣ್ಣು ಮಾಡಿದರು. ಸೊಯ್ರಾ ಬೆಟ್ಟಕ್ಕೆ ಲುಬಾಕ್...

ನನ್ನ ಕೈ ಅಲ್ಲೇ ನಿಂತಿತು. ಹದ್ದಿನ ಕಣಿವೆಗೆ ಇದ್ದದ್ದು ಎರಡೇ ಮಾತು.

ಇಷ್ಟು ವರ್ಷ ಯಾರ ಕಿವಿಗೂ ಬೀಳಲಿಲ್ಲವಲ್ಲ ಎಂದರೆ, ಅದಕ್ಕೆ ಕಾರಣವಿದೆ. ಸತ್ತವನ ಹೆಸರು ಬಂತೆಂದರೆ ಕೂತವರೆಲ್ಲ ಕೈ ಎತ್ತಿ ಫಾತಿಹಾ ಓದುತ್ತಾರೆ. ಓದಿ ಮುಖ ಸವರಿಕೊಂಡು ಕಣ್ಣು ಬಿಡುವಷ್ಟರಲ್ಲಿ ಶಿಫಾ ಸೊಯ್ರಾ ಬೆಟ್ಟ ಸೇರಿರುತ್ತಿದ್ದ. ದಾಊದನಿಗೆ ನಾನೂ ಪ್ರತಿಸಲ ಭಕ್ತಿಯಿಂದ ಫಾತಿಹಾ ಓದಿದವಳೇ.

ಅವತ್ತೇ ಸಂಜೆ ಅವನ ಮುಂದೆ ಶುಂಠಿ ಹಾಕಿದ ಕಾಫಿ ಇಟ್ಟು ಕೇಳಿದೆ. "ಯಾಸೀನನ ಅಪ್ಪಾ, ಹದ್ದಿನ ಕಣಿವೇಲಿ ಏನು ತೀರ್ಮಾನ ಆಯ್ತು?"

"ಅಲ್ಲಿ ದಾಊದ್ ಸತ್ತ."

"ಅದು ಎರಡನೇ ಮಾತು. ಮೂರನೇದು?"

"ಕಣಿವೇಲಿ ಕೂತು ಯಾರು ತೀರ್ಮಾನ ಮಾಡ್ತಾರೆ? ಮಣ್ಣು ಮಾಡಿ ದಾಟಿ ಹೋದ್ರು."

"ಉಪ್ಪಿನ ಬಯಲಲ್ಲಿ ಕೂರೋಕೆ ನೆರಳೂ ಇಲ್ಲ. ಅಲ್ಲಿ ಮಾಡಿದ್ರಲ್ಲ?"

"ದಾರಿ ವಿಷಯಕ್ಕೆ ಮೂಗು ತೂರಿಸ್ಬೇಡ, ಮದೀನಾ."

"ಮರೆತಿದ್ರೆ ಮರೆತೆ ಅನ್ನು. ವಯಸ್ಸಾಯ್ತು, ಯಾರೇನು ನಗಲ್ಲ."

ಅವನು ಬಟ್ಟಲನ್ನು ಎತ್ತಿ ಎಸೆದ. ಅದು ಒಲೆಗಲ್ಲಿಗೆ ಬಡಿದು ಒಡೆಯಿತು. ನಾನು ಬೆಪ್ಪಾಗಿ ನಿಂತೆ. ಶಿಫಾ ಅಂಥವನಲ್ಲ. ನನ್ನ ಮೇಲೆ ಕೈ ಎತ್ತುವುದಿರಲಿ, ದನಿ ಎತ್ತಿದವನೂ ಅಲ್ಲ. ಯಾಸೀನ್ ಹುಟ್ಟುವಾಗ ನಾನು ಒದ್ದಾಡುತ್ತಿದ್ದರೆ ಗುಡಿಸಲಿನ ಹೊರಗೆ ಕೂತು ಹೆಂಗಸರ ಹಾಗೆ ಅತ್ತಿದ್ದ. ಹುಮ್ಮದನನ್ನು ತನ್ನ ಮಗನಿಗಿಂತ ಹೆಚ್ಚು ಹೆಗಲ ಮೇಲೆ ಹೊತ್ತವನು. ಒಳ್ಳೆಯ ಗಂಡ ಸಿಕ್ಕಿದನಲ್ಲ, ಸುಮ್ಮನಿರು ಎಂದು ಜನ ನನಗೆ ಹೇಳುತ್ತಿದ್ದರು. ನಾನೂ ಹಾಗೇ ಹೇಳಿಕೊಳ್ಳುತ್ತಿದ್ದೆ.

ಹಾಗಾಗಿ ಆ ಸಿಟ್ಟನ್ನು ಮುದುಕನ ನಾಚಿಕೆ ಎಂದುಕೊಂಡೆ. ಕುಲದ ದಾರಿ ಹೊತ್ತವನು ಒಂದು ಮಾತು ಕಳೆದುಕೊಂಡು, ಅದನ್ನು ಹೇಳಲಾರದೆ ಒದ್ದಾಡುತ್ತಿದ್ದಾನೆ ಪಾಪ, ಎಂದು ಮರುಗಿದೆ. ಒಡೆದ ಬಟ್ಟಲಿನ ಚೂರುಗಳನ್ನು ನಾನೇ ಆರಿಸಿದೆ. ನನ್ನ ದಡ್ಡತನಕ್ಕೆ ಏನೆನ್ನಲಿ.

ಮಾರನೆಯ ದಿನ ಮೊಮಿನಾಳನ್ನು ನೀರಿಗೆ ಕರೆದುಕೊಂಡು ಹೋಗುತ್ತಾ ಹೇಳಿದೆ: "ಮೂರನೇ ಮಾತು ಇದ್ದೇ ಇದೆ ಕಣೇ. ನಿನ್ನ ಅಜ್ಜಿ ಸುಳ್ಳು ಹೇಳಿಲ್ಲ. ನಿನ್ನ ಮಾವ ಎಲ್ಲೋ ಮರೆತಿದಾನೆ."

"ಮರೆತಿದ್ರೆ ಏನು ಬಂತು ಅತ್ತೆ? ಅವರ ಬಾಯಿಂದ ಬರದ ಮಾತು ಸಭೆಗೆ ಮಾತೇ ಅಲ್ಲ."

"ಬರಿಸ್ತೀನಿ."

"ಸಭೇಲಿ ಹೆಂಗಸರು ಮಾತಾಡೋ ಹಾಗಿಲ್ವಲ್ಲ."

"ತಲೆಬಟ್ಟೆ ಹಾಸಬಹುದಲ್ಲ."

ಅವಳು ನಿಂತುಬಿಟ್ಟಳು. ಮಕ್ಕಳ ತಾಯಿ ಬರಿತಲೆಯಲ್ಲಿ ಎದ್ದು ನಿಂತು ತನ್ನ ತಲೆಯ ಬಟ್ಟೆಯನ್ನು ಗಂಡಸರ ನಡುವೆ ಹಾಸಿದರೆ, ಅವಳ ಮಾತಿಗೆ ಉತ್ತರ ಕೊಡದೆ ಅದನ್ನು ಯಾರೂ ದಾಟುವಂತಿಲ್ಲ. ರಕ್ತ ಹರಿಯುವ ಜಗಳ ನಿಲ್ಲಿಸಲು ಒಮ್ಮೆ ಯಾರೋ ಹಾಗೆ ಮಾಡಿದ್ದರು. ಮದುವೆಯ ಮಾತಿಗೆ ಯಾರೂ ಮಾಡಿದ್ದಿಲ್ಲ.

"ನಿಮಗ್ಯಾಕೆ ಇಷ್ಟೊಂದು ಅತ್ತೆ?" ಎಂದಳು. ನನಗೂ ಗೊತ್ತಿರಲಿಲ್ಲ. ಹೊಟ್ಟೆಕಿಚ್ಚು ಹೋಗಿರಲಿಲ್ಲ. ಆದರೆ ಇವಳೂ ನನ್ನ ಹಾಗೆ ಸುಮ್ಮನಾಗುವುದನ್ನು ನೋಡುತ್ತಾ ಕೂರುವುದು ಅದಕ್ಕಿಂತ ಕಷ್ಟವಾಗಿತ್ತು.

ಸಭೆ ಒಣಗಿದ ಹೊಳೆಯ ದಂಡೆಯಲ್ಲಿ, ದೊಡ್ಡ ಜಾಲಿಮರದಡಿ ಕೂತಿತು. ನಮ್ಮ ಕುಲದ ಹಿರಿಯನನ್ನು ರೆಜಾಂತೊ ಎನ್ನುತ್ತೇವೆ. ಆಗ ಇದ್ದವನು ಇದ್ರಿಸ್, ಹಣ್ಣು ಹಣ್ಣು ಮುದುಕ. ಕಣ್ಣು ಮಂಜಾಗಿದ್ದರೂ ಕಿವಿ ಚುರುಕಾಗಿತ್ತು. ಹೆಂಗಸರು ನಾವು ಹಿಂದೆ, ಪೊದೆಗಳ ನೆರಳಲ್ಲಿ ಕೂತಿದ್ದೆವು.

ಯಾಸೀನ್ ಎದ್ದು ನಿಂತು, "ಅಣ್ಣನ ಮನೆ ಬೀಳಬಾರದು. ಅತ್ತಿಗೇನ ನಾನು ನೋಡ್ಕೋತೀನಿ" ಎಂದ. ನನ್ನ ಮಗ ಕೆಟ್ಟವನಲ್ಲ. ಹೊರೆ ಹೊರಲು ಒಪ್ಪಿದವನ ಹಾಗೆ ಮುಖ ಮಾಡಿಕೊಂಡು ನಿಂತಿದ್ದ. ಅದನ್ನು ನೋಡಿ ಮೊಮಿನಾ ನನ್ನ ಮೊಣಕೈ ಹಿಡಿದಳು.

ರೆಜಾಂತೊ, "ಶಿಫಾ, ಮೊದಲು ದಾರಿ ಹೇಳು, ಕೇಳೋಣ" ಎಂದ.

ಶಿಫಾ ಶುರುಮಾಡಿದ. ಮನೆಯಲ್ಲಿ ಕೆಮ್ಮುವ ಮುದುಕನಿಗೆ ಅಲ್ಲಿ ಎಲ್ಲಿಂದ ಬರುತ್ತಿತ್ತೋ ಆ ದನಿ. ಬೂರಿಯ ದಡ, ಉಪ್ಪಿನ ಬಯಲು, ಜೋಡಿ ಬಾವಿ. ಹದ್ದಿನ ಕಣಿವೆಗೆ ಲುಬಾಕ್ ಬಂದ. ಅಲ್ಲಿ ದಾಊದ್ ಸತ್ತ. ಎಲ್ಲರ ಕೈಗಳೂ ಮೇಲೆದ್ದವು, ಕಣ್ಣುಗಳು ಮುಚ್ಚಿದವು. ನಾನೊಬ್ಬಳೇ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದೆ. ಶಿಫಾ ಉಗುಳು ನುಂಗಿದ. "ಸೊಯ್ರಾ ಬೆಟ್ಟಕ್ಕೆ ಲುಬಾಕ್..." ಎಂದ.

ನಾನು ಎದ್ದೆ. ಗಂಡಸರ ನಡುವೆ ಹೋಗಿ ತಲೆಯ ಬಟ್ಟೆ ತೆಗೆದು ನೆಲಕ್ಕೆ ಹಾಸಿದೆ. ನನ್ನ ಬಿಳಿಗೂದಲು ಎಲ್ಲರೂ ನೋಡುವ ಹಾಗೆ ಗಾಳಿಗೆ ಹಾರಿತು.

"ಶಿಫಾ, ನಿನ್ನ ಮನೆ ಚಾವಣಿ ಹಾರಿ ಬಂತು ನೋಡೋ!" ಎಂದು ಯಾರೋ ಕೂಗಿದ. ನಾಲ್ಕಾರು ಜನ ನಕ್ಕರು. ರೆಜಾಂತೊ ಕೋಲಿನಿಂದ ನೆಲ ಕುಟ್ಟಿದ ಮೇಲೆ ಸುಮ್ಮನಾದರು.

"ಯಾರಮ್ಮಾ ಅದು?"

"ಮದೀನಾ, ಶಿಫಾನ ಹೆಂಡ್ತಿ. ರೆಜಾಂತೊ, ಹದ್ದಿನ ಕಣಿವೇಲಿ ಬರೀ ಎರಡು ಮಾತಾಯ್ತು. ಮೂರನೇದು ಕೇಳಿಸಿ."

ಮುದುಕ ಬೆರಳು ಮಡಚಿ ಎಣಿಸಿಕೊಂಡ. ಮತ್ತೊಮ್ಮೆ ಎಣಿಸಿಕೊಂಡ. "ಹೌದಲ್ಲೋ ಶಿಫಾ. ನಾನು ಚಿಕ್ಕವನಿದ್ದಾಗ ಅಲ್ಲಿ ಏನೋ ಒಂದು ಕೇಳಿದ ಹಾಗಿತ್ತು. ಇದೆಯೋ ಇಲ್ವೋ? ದೇವರನ್ನ ಮುಂದಿಟ್ಕೊಂಡು ಹೇಳು."

ಹೀಗೆ ನೇರ ಕೇಳಿದ ಮೇಲೆ ದಾರಿ ಹೇಳುವವನು ಸುಳ್ಳಾಡಿದರೆ ಆ ಕೆಲಸ ಅವನ ಮನೆತನದಿಂದಲೇ ಹೋಗುತ್ತದೆ. ಯಾಸೀನ್, "ಇಲ್ಲ ಅನ್ನಪ್ಪಾ, ಇದ್ದಿದ್ರೆ ಇಷ್ಟು ದಿನ ಹೇಳ್ತಿರಲಿಲ್ವಾ?" ಎಂದ. ಶಿಫಾ ಮಗನನ್ನೂ ನೋಡಲಿಲ್ಲ, ರೆಜಾಂತೊನನ್ನೂ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದ. ನಡೆಯಲು ಕಲಿಯುವ ಮಗುವಿಗೆ ಹೇಳುವ ಹಾಗೆ ನಾನು ತಲೆ ಆಡಿಸಿದೆ. "ನೆನಪಾಗುತ್ತೆ, ಹೇಳು" ಎಂದೆ.

ಅವನು ಹೇಳಿದ. ತಡವರಿಸಲಿಲ್ಲ, ಹುಡುಕಲಿಲ್ಲ, ಒಂದು ಶಬ್ದಕ್ಕೂ ನಿಲ್ಲಲಿಲ್ಲ.

"ದಾಊದನ ಹೆಂಡತಿ ಅಶ್ಹರೆಬ್ ತನ್ನ ಗುಡಿಸಲನ್ನು ತಾನೇ ಬಿಚ್ಚಿದಳು. ಆಗ ಲುಬಾಕ್ ಹೇಳಿದ: ಗಂಡ ಸತ್ತವಳ ಗುಡಿಸಲು ಅವಳದು, ಒಂಟೆ ಅವಳದು, ಅದರ ಮೂತಿ ಯಾವ ಕಡೆ ತಿರುಗಬೇಕೆಂಬುದು ಅವಳದು. ತಡೆದವನು ನನ್ನ ಕುಲದವನಲ್ಲ."

ಹಿಂದೆ ಹೆಂಗಸರು ಒಟ್ಟಿಗೇ ನಾಲಿಗೆ ಹೊರಳಿಸಿ ಜಯಕಾರ ಹಾಕಿದರು. ಯಾಸೀನ್ ಕೂತುಬಿಟ್ಟ. ಅವನ ಹೆಂಡತಿಯ ದನಿ ಎಲ್ಲರಿಗಿಂತ ಜೋರಾಗಿತ್ತು. ರೆಜಾಂತೊ, "ಆಯ್ತು. ಹುಡುಗಿ ತನ್ನ ದಾರಿ ಹಿಡೀಲಿ" ಎಂದ. ನಾನು ಬಟ್ಟೆ ಎತ್ತಿಕೊಳ್ಳಲು ಬಗ್ಗಿದೆ. ಗೆದ್ದೆ ಎನ್ನುವ ಸಂತೋಷದಲ್ಲಿ ಕಣ್ಣು ತುಂಬಿತ್ತು.

"ಶಿಫಾ, ಇಷ್ಟು ಚೆನ್ನಾಗಿರೋ ಮಾತನ್ನ ಯಾವಾಗ ಮರೆತ್ಯೋ?" ಎಂದು ರೆಜಾಂತೊ ಕೇಳಿದ.

"ಮರೆತಿಲ್ಲ."

"ಮತ್ತೆ?"

"ಅಪ್ಪ ಹೇಳ್ತಿದ್ದ. ಅಪ್ಪ ಹೋದ ಮೇಲೆ ನಾನು ಬಿಟ್ಟೆ."

ಬಟ್ಟೆ ನನ್ನ ಕೈಯಲ್ಲೇ ಉಳಿಯಿತು. ನನ್ನ ಮಾವ ಸತ್ತದ್ದು ಗಾಸನ ಸುದ್ದಿ ಬಂದ ವರ್ಷವೇ. ಮಗನ ಸುದ್ದಿ ಕೇಳಿ ಮಲಗಿದವನು ಏಳಲಿಲ್ಲ. ಮುಂದಿನ ಸಭೆಗೆ ದಾರಿ ಹೇಳಲು ಮೊದಲ ಸಲ ನಿಂತವನು ಶಿಫಾ. ಅದಕ್ಕೂ ಮುಂಚೆ ಗಂಡಸರೆಲ್ಲ ಇಟಲಿಯವರ ಕೆಲಸಕ್ಕೆ ಚೆದುರಿ ಹೋಗಿ ಎಷ್ಟೋ ಕಾಲ ಸಭೆಯೇ ಕೂಡಿರಲಿಲ್ಲ. ಹಳೆಯ ದಾರಿ ಕೇಳಿದ್ದವರು ಕೆಲವರಾದರೂ ಇದ್ದಿರಬೇಕು. ತಮಗೆ ಬೇಡದ ಮಾತನ್ನು ಮರೆಯುವುದು ಗಂಡಸರಿಗೆ ಎಷ್ಟೊತ್ತಿನ ಕೆಲಸ?

ಶಿಫಾ ಮೊದಲ ಸಲ ದಾರಿ ಹೇಳಿದ ಆ ದಿನ ನನ್ನ ಅಮ್ಮ ನನ್ನ ತೌರು ಜೂಲಾದಿಂದ ಬಂದಿದ್ದಳು. ಹೊರೆ ಇಲ್ಲದ ಒಂಟೆಯೊಂದನ್ನು ಹಿಡಿದುಕೊಂಡು ಬಂದಿದ್ದಳು, ನನ್ನ ಗುಡಿಸಲು ಹೇರಿಕೊಂಡು ಹೋಗಲು. ಹಿರಿಯರು ಆಗುವುದಿಲ್ಲ ಎಂದರು. ಅಮ್ಮ ಹೊರಡುವ ಮುಂಚೆ ಶಿಫಾನ ಹತ್ತಿರ ಹೋಗಿ, "ನಿಮ್ಮ ದಾರೀಲಿ ಇದಕ್ಕೆ ಒಂದಾದ್ರೂ ಮಾತಿಲ್ವಾ ಮಗಾ?" ಎಂದು ಕೇಳಿದ್ದಳು. ಶಿಫಾ ನೆಲ ನೋಡುತ್ತಾ ನಿಂತಿದ್ದ. ನಾಚಿಕೆಯ ಹುಡುಗ ಎಂದುಕೊಂಡಿದ್ದೆ. ಅಮ್ಮ ಬರಿ ಒಂಟೆ ಹಿಡಿದುಕೊಂಡು ಹೋದಳು. ಆಮೇಲೆ ನಾನು ಅವಳನ್ನು ನೋಡಲಿಲ್ಲ.

ಸಭೆಯಲ್ಲಿ ವಯಸ್ಸಾದವರೆಲ್ಲ ನನ್ನನ್ನು ನೋಡುತ್ತಿದ್ದರು, ಆಮೇಲೆ ನೋಡದ ಹಾಗೆ ಮಾಡಿದರು. ನಾನು ತಲೆಗೆ ಬಟ್ಟೆ ಸುತ್ತಿಕೊಂಡೆ. ಸರಿಯಾಗಿ ಸುತ್ತಲು ಬರಲಿಲ್ಲ, ಮೊಮಿನಾ ಬಂದು ಸುತ್ತಿದಳು.

ಮಾರನೆಯ ಬೆಳಿಗ್ಗೆ ಅವಳ ಗುಡಿಸಲು ಬಿಚ್ಚಲು ನಾನೂ ಕೈ ಹಾಕಿದೆ. ಚಾಪೆಗಳನ್ನು ಸುತ್ತಿ, ಬಾಗಿದ ಗಳುಗಳನ್ನು ಕಟ್ಟಿ, ಒಂಟೆಗೆ ಏರಿಸಿದೆವು. ಅವಳು ನನ್ನ ಕೈಗೆ ಮುತ್ತಿಟ್ಟು, "ನೀವೂ ಬನ್ನಿ ಅತ್ತೆ" ಎಂದಳು.

"ನಿನ್ನ ಅಪ್ಪನ ಮನೆಗೆ ನಾನು ಯಾರಾಗಿ ಬರಲೇ?"

"ನಿಮ್ಮ ತೌರಿಗೆ ಹೋಗಿ."

"ಅಲ್ಲಿ ಯಾರಿದಾರೆ? ಗೋರಿ ಕಾಯೋಕೆ ಹೋಗ್ಲಾ?"

ಅವಳು ಅಳುತ್ತಾ ಹೊರಟಳು. ತಿರುವಿನಲ್ಲಿ ಅಳು ನಿಲ್ಲಿಸಿ ಒಂಟೆಯನ್ನು ಬೈಯುವುದು ಕೇಳಿಸಿತು, ಅದು ಕೇಳಿ ನನಗೆ ಸಮಾಧಾನವಾಯಿತು.

ಆಮೇಲೆ ಹೆಂಗಸರು ಒಬ್ಬೊಬ್ಬರಾಗಿ ಉಪ್ಪು ಕೇಳಲು ಬಂದರು. ಉಪ್ಪು ಎಲ್ಲರ ಮನೆಯಲ್ಲೂ ಇತ್ತು. ನನ್ನ ಗುಡಿಸಲು ಇನ್ನೂ ನಿಂತಿದೆಯೇ ಎಂದು ನೋಡಲು ಬಂದವರು ಅವರು. ನಿಂತಿತ್ತು. ಒಳಗೆ ಶಿಫಾ ಒಂದು ಮೂಲೆಯಲ್ಲಿ, ನಾನು ಒಂದು ಮೂಲೆಯಲ್ಲಿ. ಅವನ ಹಾಲು ಇಡುತ್ತಿದ್ದೆ, ಮಾತಾಡುತ್ತಿರಲಿಲ್ಲ. ಎಷ್ಟೋ ಸಲ ಚಾವಣಿಯ ಚಾಪೆಗೆ ಕೈ ಹಾಕಿ ಹಿಂದಕ್ಕೆ ತೆಗೆದಿದ್ದೇನೆ. ಒಂದೊಂದು ಚಾಪೆಯೂ ನನ್ನ ಕೈಯದೇ. ಆದರೆ ಲುಬಾಕನ ಮಾತು ಗಂಡ ಸತ್ತವಳಿಗೆ. ನನ್ನ ಗಂಡ ಬದುಕಿದ್ದ, ಮೂಲೆಯಲ್ಲಿ ಕೆಮ್ಮುತ್ತಿದ್ದ. ಒಳ್ಳೆಯವನೂ ಆಗಿದ್ದ. ಕೆಟ್ಟವನಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು.

ಬಯಲು ಕಾಯತೊಡಗಿದಾಗ ಎಲ್ಲರೂ ಗುಡಿಸಲು ಬಿಚ್ಚಿದರು, ನಾನೂ ಬಿಚ್ಚಿದೆ. ಸಾಲುಸಾಲಾಗಿ ಒಂಟೆಗಳು ಬೆಟ್ಟದ ಕಡೆ ಹೊರಟವು. ಹದ್ದಿನ ಕಣಿವೆಯ ಬಾಯಲ್ಲಿ ಜಾಗ ಅಗಲವಾಗಿದೆ, ಜೂಲಾದ ದಾರಿ ಅಲ್ಲೇ ಕವಲೊಡೆಯುವುದು. ಅಲ್ಲಿ ಒಂಟೆ ನಿಲ್ಲಿಸಿ ಆ ದಾರಿಯನ್ನು ಕಣ್ತುಂಬ ನೋಡಿದೆ, ಆಮೇಲೆ ಅದರ ಮೂತಿಯನ್ನು ನಾನೇ ಬೆಟ್ಟದ ಕಡೆ ತಿರುಗಿಸಿದೆ.